ಬಳ್ಳಾರಿ ಬಿಸಿಲಲ್ಲೂ ತಣ್ಣಗೆ ಓಡುತ್ತಿದೆ ನಮ್ಮ ಬೀಟಲ್
ನಮ್ಮ 1967ರ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ರೇಡಿಯೇಟರ್ ಇಲ್ಲ, ಡೈನಮೋ ಶಾಫ್ಟ್‌ಗೆ ಕೂರಿಸಿದ ಫ್ಯಾನ್ ಬೀಸುವ ಗಾಳಿಯೇ ಎಂಜಿನ್‌ಗೆ ಜೀವ. ಏಪ್ರಿಲ್‌ನಲ್ಲಿ ಹೊಸಪೇಟೆಗೆ ಹೋಗಿ ಬರುವಷ್ಟರಲ್ಲಿ ಆಯಿಲ್ ಕಾದು ನೀರಾಗುತ್ತಿತ್ತು. ಕೌಲ್ ಬಜಾರ್ ಕಡೆಯ ಈ ಸಣ್ಣ ಗ್ಯಾರೇಜಿನ ಮೇಸ್ತ್ರಿ ನೋಡಿದ ತಕ್ಷಣ ಕಾರಣ ಹೇಳಿದರು: ಹಳೆ ಮಾದರಿಯಲ್ಲಿ ಆಯಿಲ್ ಕೂಲರ್ ಫ್ಯಾನ್ ಕವಚದ ಒಳಗೇ ಕೂತು 3ನೇ ಸಿಲಿಂಡರ್‌ಗೆ ಹೋಗುವ ಗಾಳಿಗೆ ಅಡ್ಡ ನಿಲ್ಲುತ್ತದೆ, ಅದಕ್ಕೇ 1971ರ ಮಾದರಿಯಿಂದ ಕಂಪನಿಯೇ ಕೂಲರನ್ನು ಹಿಂದಕ್ಕೆ ಸರಿಸಿ ಫ್ಯಾನನ್ನೂ ಅಗಲ ಮಾಡಿತು. ನಮ್ಮ ಕಾರಿಗೂ ಆ 1971ರ ಮಾದರಿಯ ಕವಚ, ಅಗಲ ಫ್ಯಾನ್ ಹಾಕಿಸಿದೆ. ಎಂಜಿನ್ ಸುತ್ತಲಿನ ಹರಿದ ರಬ್ಬರನ್ನೂ ಬದಲಿಸಿದರು, ಇಲ್ಲದಿದ್ದರೆ ಕೆಳಗಿನ ಬಿಸಿಗಾಳಿಯೇ ಮತ್ತೆ ಮೇಲಕ್ಕೆ ಬರುತ್ತದೆ ಅಲ್ವಾ! ನಾಲ್ಕು ದಿನ ಅಂದವರು ಹನ್ನೆರಡು ದಿನ ತೆಗೆದುಕೊಂಡರು, ಅದೊಂದು ಬೇಸರ. ಕೆಲಸ ಮಾತ್ರ ಬಹಳ ಅಚ್ಚುಕಟ್ಟು. ಹಳೆ ಕಾರು ಇದ್ದವರು ಧೈರ್ಯವಾಗಿ ಹೋಗಿ.