ಒಂಬತ್ತು ವರ್ಷ, 94,000 ಕಿಲೋಮೀಟರ್: ಓಡಿಸದೆ ಇಟ್ಟ ಗಾಡಿಯೂ ಹಾಳಾಗುತ್ತದೆ

ಚಿಕ್ಕ ಪೆಟ್ರೋಲ್ ಕಾರು, ಮ್ಯಾನುವಲ್ ಗೇರ್. ಹೊಸದು ತಗೊಂಡು ಒಂಬತ್ತು ವರ್ಷ ಆಯಿತು, ಮೀಟರ್ 94,000 ದಾಟಿದೆ. ಇಂಜಿನ್ ಕೆಲಸ ಇನ್ನೂ ಬಂದಿಲ್ಲ. ಕ್ಲಚ್ ಒಂದು ಸಲ, ಬ್ಯಾಟರಿ ಎರಡು ಸಲ ಬದಲಾಯಿಸಿದ್ದೇನೆ. ಯಾವ ಕಂಪನಿ ಅಂತ ಕೇಳಬೇಡಿ, ನಾನು ಬರೆಯೋಕೆ ಹೊರಟಿದ್ದು ಸರ್ವಿಸ್ ಬಗ್ಗೆ.

ಮೊದಲ ಐದು ವರ್ಷ ಗಾಡಿ ಚೆನ್ನಾಗಿ ಓಡಿತು, ತೊಂದರೆಯೇ ಇರಲಿಲ್ಲ. ಆಮೇಲೆ ಓಡಾಟ ಕಮ್ಮಿಯಾಯಿತು. ದಿನಕ್ಕೆ ಎರಡು ಮೂರು ಕಿಲೋಮೀಟರ್, ಅಷ್ಟೇ. ನನ್ನ ಗಾಡಿಯ ಮ್ಯಾನುವಲ್‌ನಲ್ಲಿ '10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು' ಅಂತ ಇದೆ. ನಾನು ಮೊದಲ ಅರ್ಧ ಮಾತ್ರ ಓದಿಕೊಂಡು, ಇನ್ನೂ ಐದು ಸಾವಿರವೂ ಆಗಿಲ್ಲ, ಸುಮ್ನೆ ಯಾಕೆ ಆಯಿಲ್ ಬದಲಾಯಿಸಬೇಕು ಅಂತ ಹದಿನೇಳು ತಿಂಗಳು ತಳ್ಳಿದೆ.

ಒಂದು ಚಳಿಗಾಲದ ಬೆಳಗ್ಗೆ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದರೆ ಒಳಗಡೆ ಕೆನೆ ಬಣ್ಣದ ಲೋಳೆ, ಬೆರಳಿಗೆ ಅಂಟುವಷ್ಟು! ಹೆಡ್ ಗ್ಯಾಸ್ಕೆಟ್ (ಇಂಜಿನ್ ಒಳಗೆ ಆಯಿಲ್, ಕೂಲಂಟ್ ಒಂದಕ್ಕೊಂದು ಬೆರೆಯದಂತೆ ತಡೆಯುವ ಪದರ) ಹೋಯಿತು ಅಂತ ಎದೆ ಧಸಕ್ ಅಂದಿತು. ಆದರೆ ಇಂಜಿನ್ ತಣ್ಣಗಿಡುವ ಕೂಲಂಟ್ ನೀರು ಇಳಿದಿರಲಿಲ್ಲ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಇರಲಿಲ್ಲ, ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ತಿಳಿಯಾಗೇ ಇತ್ತು. ಮೆಕ್ಯಾನಿಕ್ ನೋಡಿ ನಕ್ಕ. "ಇಂಜಿನ್ ಸರಿಯಾಗಿ ಕಾಯೋಕೆ ಬಿಡ್ತಾನೇ ಇಲ್ವಲ್ಲ ನೀವು" ಅಂದ. ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಒಳಗೆ ಕಟ್ಟಿದ ತೇವ ಆವಿಯಾಗಿ ಹೋಗೋಕೆ ಬೇಕಾದಷ್ಟು ಬಿಸಿಯೇ ಆಗುವುದಿಲ್ಲ, ಅದು ಆಯಿಲ್ ಜೊತೆ ಸೇರಿ ಹೀಗಾಗುತ್ತದೆ. ಆಯಿಲ್, ಫಿಲ್ಟರ್ ಎರಡನ್ನೂ ಬದಲಾಯಿಸಿ, ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ದೊಡ್ಡ ರಸ್ತೆಯಲ್ಲಿ ಓಡಿಸೋಕೆ ಶುರುಮಾಡಿದ ಮೇಲೆ ಆ ಲೋಳೆ ಮತ್ತೆ ಕಂಡಿಲ್ಲ.

ಟೈರ್ ಕಥೆಯೂ ಅದೇ. ರಸ್ತೆಗೆ ತಾಗುವ ಕಡೆಯ ಅಚ್ಚು ಇನ್ನೂ ಅರ್ಧ ಇತ್ತು, ಆದರೆ ಏಳನೇ ವರ್ಷಕ್ಕೆ ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು. ಟೈರ್‌ನ ಪಕ್ಕದ ಮೈ ಮೇಲೆ ನಾಲ್ಕು ಅಂಕಿ ಇರುತ್ತದೆ, 3221 ಅಂದರೆ 2021ರ 32ನೇ ವಾರ ತಯಾರಾದದ್ದು. ಹೊಸದು ಕೊಳ್ಳುವಾಗ ಇದನ್ನು ನೋಡಿಯೇ ತಗೊಳ್ಳಿ. ಗಾಳಿ ಎಷ್ಟು ಅನ್ನೋದು ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಮೇಲೆ ಇರುತ್ತದೆ. ಟೈರ್ ಮೇಲೆ ಬರೆದಿರೋದು ಗರಿಷ್ಠ ಮಿತಿ, ಅಷ್ಟು ತುಂಬಿಸಬಾರದು. ಸ್ಟೆಪ್ನಿ ನಾನು ಎರಡು ವರ್ಷ ಮುಟ್ಟಿಯೇ ಇರಲಿಲ್ಲ, ಬೇಕಾದ ದಿನ ಅದೂ ಚಪ್ಪಟೆ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ, ಗಾಡಿ ಎಷ್ಟೇ ಓಡಿರಲಿ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯೋಕೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ತೇವ ಸೇರಿದ ಮೇಲೆ ಅದು 155ರ ತನಕ ಇಳಿಯಬಹುದು. ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆಯಿಲ್ ಕುದ್ದು ಪೆಡಲ್ ಮೆತ್ತಗಾದರೆ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ.

ಈಗ ಬೇಜಾರಿನ ವಿಷಯ. ನಾನು ಹೋಗುತ್ತಿದ್ದ ಸರ್ವಿಸ್ ಸೆಂಟರ್ ಮೇಲೆ ಅನುಮಾನ ಬಂದು ಒಂದು ಸಲ ಏರ್ ಫಿಲ್ಟರ್ ಅಂಚಿಗೆ ಮಾರ್ಕರ್‌ನಲ್ಲಿ ಸಣ್ಣ ಚುಕ್ಕೆ ಇಟ್ಟು ಕಳಿಸಿದೆ. ಬಿಲ್‌ನಲ್ಲಿ ಹೊಸ ಫಿಲ್ಟರ್ ಇತ್ತು. ಕ್ಲಿಪ್ ತೆಗೆದು ನೋಡಿದರೆ ನನ್ನ ಚುಕ್ಕೆ ಅಲ್ಲೇ ಕೂತಿತ್ತು, ಧೂಳು ಊದಿದ್ದರು ಅಷ್ಟೇ. ಕೇಳಿದ್ದಕ್ಕೆ "ಹುಡುಗರ ತಪ್ಪು" ಅಂದರು. ಅಂದಿನಿಂದ ಏರ್ ಫಿಲ್ಟರ್, ಎಸಿ ಫಿಲ್ಟರ್, ವೈಪರ್ ರಬ್ಬರ್ ನಾನೇ ಹಾಕುತ್ತೇನೆ, ಹತ್ತು ನಿಮಿಷದ ಕೆಲಸ. ಉಳಿದದ್ದಕ್ಕೆ ಹಳೆಯ ಪಾರ್ಟ್ ಕೈಗೆ ಕೊಡಿ ಅಂತ ಮೊದಲೇ ಹೇಳುತ್ತೇನೆ. ಇಂಜಿನ್ ಫ್ಲಶ್ (ಇಂಜಿನ್ ಒಳಗೆ ದ್ರಾವಣ ಹಾಕಿ ತೊಳೆಯೋದು), ಅದು ಇದು ಅಂತ ಮ್ಯಾನುವಲ್‌ನಲ್ಲಿ ಇಲ್ಲದ್ದನ್ನು ಅಂಟಿಸೋಕೆ ಬಂದರೆ ಬೇಡ ಅನ್ನುತ್ತೇನೆ.

ಭಾನುವಾರ ಬೆಳಗ್ಗೆ ಸಮತಟ್ಟಾದ ಜಾಗದಲ್ಲಿ, ಇಂಜಿನ್ ತಣ್ಣಗಿದ್ದಾಗ ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಅದ್ದಿ ನೋಡುತ್ತೇನೆ. ಎರಡು ಗುರುತಿನ ಮಧ್ಯೆ ಇರಬೇಕು, ಜಾಸ್ತಿಯೂ ಒಳ್ಳೆಯದಲ್ಲ. ಕಳೆದ ವಾರದಿಂದ ಸ್ಟಾರ್ಟ್ ಮಾಡಿದ ತಕ್ಷಣ ಎರಡು ಕ್ಷಣ ಕೀಚ್ ಅಂತ ಸದ್ದು ಬರುತ್ತಿದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ತಿರುಗಿಸೋ ಬೆಲ್ಟ್ ಇರಬೇಕು, ಈ ಭಾನುವಾರ ಅದನ್ನೇ ನೋಡೋದು.