ಹಳೇ ಚರ್ಚಿನ ಗೋಡೆಗೆ ಚೀಲದ ಸುಣ್ಣದ ಗಾರೆ: ಮೇಲ್ಮೈಗೆ ಸೈ, ಒಳಮೈಗೆ ಬೇಡ

ಆರಾಧನೆ ನಿಂತು ಬೀಗ ಬಿದ್ದ ಚರ್ಚನ್ನು ಮನೆ ಮಾಡಿಕೊಳ್ಳಹೊರಟವರ ಮಾತೆಲ್ಲ ಅಟ್ಟ ಎಲ್ಲಿ, ಅಡುಗೆಮನೆ ಎಲ್ಲಿ ಎಂಬುದರ ಸುತ್ತಲೇ ಇರುತ್ತದೆ. ಆದರೆ ಆ ಮನೆಯಲ್ಲಿ ಸುಖವಾಗಿ ಬಾಳಲಿಕ್ಕೆ ಆಗುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಗೋಡೆಯ ಗಿಲಾವು. ಈಗ 25 ಕೆ.ಜಿ. ಚೀಲದಲ್ಲಿ ಸಿದ್ಧ ಸುಣ್ಣದ ಗಾರೆ ಸಿಗುತ್ತದೆ. ಸುಣ್ಣ, ಸಣ್ಣ ಮರಳು ಅಥವಾ ಅಮೃತಶಿಲೆ ಪುಡಿ ಎಲ್ಲ ಬೆರೆಸಿಯೇ ಬರುತ್ತದೆ; ನೀರು ಹಾಕಿ ಕಲಸಿ ಬಳಿಯುವುದಷ್ಟೇ ಕೆಲಸ. ದಾವಣಗೆರೆ, ಚಿತ್ರದುರ್ಗದ ಕಡೆಯ ಕಲ್ಲುಗೋಡೆಗೆ ಅದು ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ನೋಡೋಣ.

ಸಿಮೆಂಟ್ ಏಕೆ ಬೇಡ ಎಂಬುದು ಮೊದಲು ತಿಳಿದಿರಬೇಕು. ಇಂಥ ಗೋಡೆಗಳು ಒಂದೂವರೆಯಿಂದ ಎರಡು ಅಡಿ ದಪ್ಪ. ಎರಡು ಮುಖಕ್ಕೆ ಕಲ್ಲು, ನಡುವೆ ಮಣ್ಣು, ಚೂರುಕಲ್ಲು. ತಳದಲ್ಲಿ ನೀರು ತಡೆಯುವ ಪದರವೇ ಇರುವುದಿಲ್ಲ. ನೆಲದ ಪಸೆ ಏರುತ್ತದೆ, ಗೋಡೆಯ ಮೈಯಿಂದ ಆರಿಹೋಗುತ್ತದೆ; ಕಟ್ಟಡ ಇಷ್ಟು ವರ್ಷ ನಿಂತಿರುವುದೇ ಹೀಗೆ. ಸಿಮೆಂಟ್ ಬಳಿದರೆ ಆ ದಾರಿ ಮುಚ್ಚುತ್ತದೆ. ಪಸೆ ಇನ್ನೂ ಮೇಲೇರಿ, ನಡುವಿನ ಮಣ್ಣು ಮೆತ್ತಗಾಗಿ, ಎರಡು ಮೂರು ಮಳೆಗಾಲದಲ್ಲಿ ಗಿಲಾವು ಟೊಳ್ಳಾಗುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಮಡಕೆ ತಟ್ಟಿದ ಸದ್ದು. ಹಪ್ಪಳದಂತೆ ಎದ್ದ ಚೂರನ್ನು ಕಿತ್ತು ತಿರುಗಿಸಿದರೆ ಬೆನ್ನಿಗೆ ಬಿಳೀ ಉಪ್ಪಿನ ನವಿರು ಎಳೆಗಳು ಕಾಣುತ್ತವೆ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ದಾವಣಗೆರೆ, ಹರಿಹರದ ಸೀಮೆಯಲ್ಲಿ ಈ ತೊಂದರೆ ಜಾಸ್ತಿ. ಹಾಗಾಗಿ ಹಿಂದಿನವರು ಹಾಕಿದ ಸಿಮೆಂಟ್ ತೇಪೆಯನ್ನೂ ಪೂರ್ತಿ ಕಿತ್ತು ತೆಗೆದೇ ಸುಣ್ಣ ಮುಟ್ಟಬೇಕು.

ಇನ್ನು ಲೆಕ್ಕ. 20ಕ್ಕೆ 40 ಅಡಿಯ ಸಣ್ಣ ಚರ್ಚು, 16 ಅಡಿ ಗೋಡೆ ಎಂದಿಟ್ಟುಕೊಳ್ಳಿ. ಬಾಗಿಲು, ಕಮಾನು ಕಿಟಕಿ ಕಳೆದರೆ ಒಳಗೆ ಸುಮಾರು 17 ಚದರ ಗಿಲಾವು (ಒಂದು ಚದರ ಎಂದರೆ 100 ಚದರ ಅಡಿ). ಒರಟು ಕಲ್ಲಿನ ಮೇಲೆ ಸರಾಸರಿ 25 ಮಿ.ಮೀ. ದಪ್ಪ ಬೇಕು. ಅದಕ್ಕೆ ಚದರಕ್ಕೆ 14 ಚೀಲ, ಒಟ್ಟು 240ರ ಹತ್ತಿರ. ಬರೀ 5 ಮಿ.ಮೀ. ಮೇಲ್ಮೈಗಾದರೆ ಚದರಕ್ಕೆ 3 ಚೀಲ ಸಾಕು. 240 ಚೀಲ ಸುರಿಯುವುದು ದುಡ್ಡು ದಂಡ ಮಾತ್ರವಲ್ಲ, ಕೆಲಸವೂ ಕೆಡುತ್ತದೆ. ಚೀಲದ ಮಾಲು ಸಾಮಾನ್ಯವಾಗಿ ನುಣ್ಣಗಿರುತ್ತದೆ, ದಪ್ಪ ಕಟ್ಟಿದರೆ ಬಿರಿಯುತ್ತದೆ.

ಒಳಮೈಯ ಗಾರೆಯನ್ನು, ಅಂದರೆ ಕಲ್ಲಿಗೆ ಅಂಟುವ ದಪ್ಪನೆಯ ಅಡಿಪದರವನ್ನು, ಸ್ಥಳದಲ್ಲೇ ಮಾಡಿ. ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಯ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಕಲ್ಲಿನ ಮೇಲೆ ನೀರು ಸುರಿಯಬಾರದು. ಕುದಿದು ಸಿಡಿದು ಕಣ್ಣು ಕಳೆಯುತ್ತದೆ, ಕನ್ನಡಕವಿಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ. ಮೂರು ವಾರ ನೀರಡಿ ಬಿಟ್ಟು, ಸೋಸಿ, ಒಂದು ಪಾಲಿಗೆ ಮೂರು ಪಾಲು ಮರಳು. ಎಂ ಸ್ಯಾಂಡ್ ಆದರೆ ತೊಳೆದು ಹಿಟ್ಟು ತೆಗೆಯಲೇಬೇಕು, ಇಲ್ಲದಿದ್ದರೆ ಬಲೆಯಂತೆ ಬಿರುಕು. ನೆಲದಿಂದ ನಾಲ್ಕಡಿವರೆಗೆ ಒಂದು ಪಾಲು ಸುಣ್ಣ, ಒಂದು ಸುರ್ಕಿ, ಎರಡು ಮರಳು. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆ ಪುಡಿ. ಅದು ಸೇರಿದ ಗಾರೆ ಪಸೆಯಲ್ಲೂ ಗಟ್ಟಿಯಾಗುತ್ತದೆ. ಕನ್ನಂಬಾಡಿ ಕಟ್ಟೆ ನಿಂತಿರುವುದು ಇದೇ ಗಾರೆಯ ಮೇಲೆ. ಆಳದ ಸಂದುಗಳಿಗೆ ಚಿಪ್ಪುಕಲ್ಲು ಕೊಟ್ಟು, ಮೊದಲ ಕೈ 12ರಿಂದ 15 ಮಿ.ಮೀ., ಹತ್ತು ದಿನ ಬಿಟ್ಟು ಎರಡನೆಯದು. ಮೇಸ್ತ್ರಿ "ಒಂದು ಹಿಡಿ ಸಿಮೆಂಟ್ ಹಾಕ್ತೀನಿ, ಬೇಗ ಹಿಡೀತೈತಿ" ಎಂದರೆ ಒಪ್ಪಬೇಡಿ. ಆ ಒಂದು ಹಿಡಿಯಿಂದ ಗಾರೆ ಸಿಮೆಂಟಿನಷ್ಟು ಗಟ್ಟಿಯೂ ಆಗದು, ಸುಣ್ಣದಂತೆ ಉಸಿರೂ ಆಡದು.

ಮೇಲ್ಮೈಗೆ ಮಾತ್ರ ಚೀಲದ ಗಾರೆ ನಿಜಕ್ಕೂ ಒಳ್ಳೆಯದು. ಬಣ್ಣ ಒಂದೇ ಸಮ, ನೀರಿನಲ್ಲಿ ಅರಳದೆ ಉಳಿದ ಸುಣ್ಣದ ಹರಳು ಗೋಡೆಯಲ್ಲಿ ಸಿಡಿಯುವ ಕಾಟವಿಲ್ಲ, ಕಮಾನಿನ ಅಂಚು ಚೂಪಾಗಿ ನಿಲ್ಲುತ್ತದೆ. ಕೊಳ್ಳುವಾಗ ಚೀಲದ ಮೇಲಿನ ಬರಹ ಓದಿ. ಎನ್.ಎಚ್.ಎಲ್. 2, 3.5, 5 ಎಂದಿದ್ದರೆ ಅದು ನೀರಿನಲ್ಲೂ ಗಟ್ಟಿಯಾಗುವ ಸುಣ್ಣ. ಅಂಕಿ ಏರಿದಷ್ಟೂ ಗಡಸು. ಈ ಗೋಡೆಗಳಿಗೆ 2 ಅಥವಾ 3.5 ಸಾಕು. ಬರಹ ನಂಬುವಂತಿಲ್ಲದಿದ್ದರೆ ಒಂದು ಹಿಡಿ ಕಲಸಿ ಹೆಬ್ಬೆರಳ ದಪ್ಪದ ಬಿಲ್ಲೆ ತಟ್ಟಿಡಿ. ಅರ್ಧ ಗಂಟೆಯಲ್ಲಿ ಬಿಗಿದರೆ ಜಿಪ್ಸಂ ಸೇರಿದೆ. ಮರುದಿನ ಉಗುರಿಗೆ ಗೀರು ಬೀಳದಷ್ಟು ಕಲ್ಲಾದರೆ ಬಿಳೀ ಸಿಮೆಂಟ್ ಇರಬೇಕು. ಹಳಸಿದ ಸುಣ್ಣ ಪತ್ತೆಮಾಡಲು ಆ್ಯಸಿಡ್ ಹನಿಸಿ ನೊರೆ ನೋಡುವವರಿದ್ದಾರೆ. ಅಮೃತಶಿಲೆ ಪುಡಿಯಿದ್ದರೆ ಹೊಸ ಮಾಲೂ ನೊರೆಯುತ್ತದೆ, ಆದ್ದರಿಂದ ಆ ಪರೀಕ್ಷೆ ಇಲ್ಲಿ ನಡೆಯದು. ತಯಾರಾದ ತಾರೀಖು ನೋಡಿ.

ಕೆಡುವುದು ಹೆಚ್ಚಾಗಿ ಬಳಿದ ಮೇಲೆ. ಸುಣ್ಣ ಗಟ್ಟಿಯಾಗಲು ಗಾಳಿಯೂ ಬೇಕು, ಪಸೆಯೂ ಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ, ಕಿಟಕಿ ಕಿತ್ತ ಚರ್ಚಿನೊಳಗೆ ಒಂದೇ ಮಧ್ಯಾಹ್ನದಲ್ಲಿ ಗಿಲಾವನ್ನು ಒಣಗಿಸಿಬಿಡುತ್ತದೆ. ಆಮೇಲೆ ಸವರಿದರೆ ಅಂಗೈಗೆ ರಂಗೋಲಿ ಪುಡಿಯಂತೆ ಬರುತ್ತದೆ. ಅದನ್ನು ಉಳಿಸಲು ದಾರಿಯಿಲ್ಲ, ಕೆರೆದು ಮತ್ತೆ ಬಳಿಯಬೇಕು. ಮಾರ್ಚಿಯಿಂದ ಮೇವರೆಗೆ ಈ ಕೆಲಸ ಬೇಡ. ಹಿಂದಿನ ಸಂಜೆಯೂ, ಬಳಿಯುವ ಒಂದು ಗಂಟೆ ಮೊದಲೂ ಗೋಡೆ ನೆನೆಸಿ. ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟಿ. ದಿನಕ್ಕೆ ಮೂರು ಸಲ, ಏಳೆಂಟು ದಿನ ಹನಿ ಹೊಡೆಯಿರಿ. ಸಿಮೆಂಟಿಗೆ ಹೊಡೆದಂತೆ ಪೈಪಿನಲ್ಲಿ ನೀರು ಬಿಡಬಾರದು, ಸುಣ್ಣ ತೊಳೆದುಹೋಗುತ್ತದೆ. ಹೊಲಕ್ಕೆ ಔಷಧಿ ಹೊಡೆಯುವ ಬೆನ್ನಿನ ಪಂಪು ಇದಕ್ಕೆ ಹೇಳಿ ಮಾಡಿಸಿದ್ದು, ಆದರೆ ಹೊಸದೇ ಇರಲಿ. ಮೊದಲೆರಡು ದಿನ ಕೂದಲೆಳೆ ಬಿರುಕು ಕಾಣುವುದು ಸಹಜ. ಹೆಬ್ಬೆರಳು ಒತ್ತಿದರೆ ಗುರುತು ಬಿದ್ದು ಬೆರಳು ಹುಗಿಯದ ಹದದಲ್ಲಿ ಮರದ ಹಲಗೆಯಿಂದ ಒತ್ತಿ ತಿಕ್ಕಿ, ಮುಚ್ಚುತ್ತದೆ.

ಪಾಳುಬಿದ್ದ ಚರ್ಚಿಗೇ ವಿಶೇಷವಾದ ಒಂದು ಶತ್ರು ಬಾವಲಿ ಹಿಕ್ಕೆ. ಅದರ ಉಪ್ಪು ಗೋಡೆಗಿಳಿದರೆ ಗಾಳಿಯ ತೇವವನ್ನೇ ಹೀರುತ್ತಿರುತ್ತದೆ. ಯಾವ ಚೀಲದ ಗಾರೆಯೂ ಅಲ್ಲಿ ನಿಲ್ಲದು. ಮಾಸ್ಕ್ ಹಾಕಿ, ಹಿಕ್ಕೆಯ ಮೇಲೆ ನೀರು ಚಿಮುಕಿಸಿ ತೆಗೆಯಿರಿ, ಒಣ ಧೂಳು ಏಳಿಸಬೇಡಿ. ಕಲೆಯಾದ ಗಾರೆ ಪೂರ್ತಿ ಕೆರೆದು, ಬರೀ ಸುಣ್ಣ ಮರಳಿನ ಗಾರೆಯನ್ನು ತೆಳುವಾಗಿ ಬಳಿದು, ಉಪ್ಪು ಅದರೊಳಗೆ ಬಂದ ಮೇಲೆ ಕಿತ್ತು ಎಸೆಯಿರಿ. ಎರಡು ಸಲ ಮಾಡಬೇಕಾಗಬಹುದು.

ಅಟ್ಟವನ್ನು ಈ ಗೋಡೆಗೆ ಹೇರಬೇಡಿ, ಅದಕ್ಕೆ ಬೇರೆ ಕಂಬ ಕೊಡಿ. ಕಾಗದದ ವಿಷಯ: ಕಥೋಲಿಕ ಚರ್ಚಾದರೆ ಬಿಷಪ್ಪರು ಅದನ್ನು ಲೌಕಿಕ ಬಳಕೆಗೆ ಬಿಟ್ಟುಕೊಟ್ಟ ಆದೇಶ ಇರಬೇಕು, ಯಾವ ಸಭೆಯದ್ದಾದರೂ ಆಸ್ತಿ ಯಾರ ಹೆಸರಿನಲ್ಲಿದೆಯೋ ಅವರದೇ ನೋಂದಾಯಿತ ಕ್ರಯಪತ್ರ ಬೇಕು, ಪಾದ್ರಿಗಳ ಚೀಟಿ ಸಾಲದು. ಚಿತ್ರದುರ್ಗದ ಕೋಟೆಯಂಥ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದು ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆ ಮತ್ತೆ 200 ಮೀಟರ್‌ವರೆಗೂ ಅನುಮತಿಯಿಲ್ಲದೆ ಕೈಹಾಕಬೇಡಿ.

ಗಿಲಾವಿನ ಮೇಲೆ ಎಮಲ್ಷನ್ ಬಳಿದರೆ ಇಷ್ಟೆಲ್ಲ ಮಾಡಿದ್ದು ನೀರುಪಾಲು. ನೀರುಮಜ್ಜಿಗೆಯಷ್ಟು ತೆಳ್ಳಗಿನ ಸುಣ್ಣವನ್ನು ಮೂರು ಸಲ ಬಳಿಯಿರಿ, ಪ್ರತಿ ಸಲವೂ ಗೋಡೆ ತುಸು ಒದ್ದೆ ಮಾಡಿ. 17 ಚದರದ ಮೇಲ್ಮೈ ಗಾರೆಗೆ ಒಡೆದದ್ದು, ಚೆಲ್ಲಿದ್ದು ಸೇರಿ 55 ಚೀಲ ಹಿಡಿಯಿರಿ. ಎಲ್ಲವನ್ನೂ ಒಟ್ಟಿಗೆ ತರಿಸಬೇಡಿ: ಮೊದಲು 25, ಅರ್ಧ ಗೋಡೆ ಮುಗಿದ ಮೇಲೆ ಉಳಿದದ್ದು. ಹಲಗೆ ಮೇಲೆ ಪೇರಿಸಿ, ಪ್ಲಾಸ್ಟಿಕ್ ಹೊದಿಸಿ, ಬಾಯಿ ಬಿಚ್ಚಿದ ಚೀಲವನ್ನು ಅದೇ ದಿನ ಖಾಲಿ ಮಾಡಿ.