ಸಿಕೆ, ಲ್ಯಾಕ್ಟೇಟ್, ಸಿಸ್ಟಾಟಿನ್ ಸಿ: ವಯಸ್ಸಾದವರ ಸ್ನಾಯುಗಳಿಗೆ ಯಾವ ರಕ್ತಪರೀಕ್ಷೆ?

ಅಪ್ಪ–ಅಮ್ಮ ಕಾಲಲ್ಲಿ ಶಕ್ತಿಯಿಲ್ಲ ಎನ್ನುತ್ತಿದ್ದರೆ, ಯಾವ ಪರೀಕ್ಷೆ ಎಂಬುದನ್ನು ಲಕ್ಷಣ ನೋಡಿ ಆರಿಸಿ.

ಖರ್ಚಿನಲ್ಲಿ ಸಿಕೆ (ಕ್ರಿಯಾಟಿನ್ ಕೈನೇಸ್ ಎಂಬ ಸ್ನಾಯು ಕಿಣ್ವದ ಪರೀಕ್ಷೆ) ಹಗುರ, ಹೆಚ್ಚಿನ ಲ್ಯಾಬುಗಳಲ್ಲಿ ಸಿಗುತ್ತದೆ. ಮೂತ್ರಪಿಂಡದ ಕೆಲಸ ತಿಳಿಯಲು ರಕ್ತದಲ್ಲಿ ಅಳೆಯುವ ಪ್ರೋಟೀನ್ ಸಿಸ್ಟಾಟಿನ್ ಸಿ ದುಬಾರಿ.

ಸಿಕೆ ತೋರಿಸುವುದು ಸ್ನಾಯುಕೋಶದ ಹಾನಿಯನ್ನು, ಶಕ್ತಿ ಉತ್ಪಾದನೆಯನ್ನಲ್ಲ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರುವಾದ ಮೇಲೆ ತೊಡೆ, ಭುಜ ನೋಯುತ್ತಿದ್ದರೆ ಇದೇ ಸರಿ. ಭಾರದ ಕೆಲಸವೂ ಸ್ನಾಯುವಿಗೆ ಕೊಟ್ಟ ಇಂಜೆಕ್ಷನ್ನೂ ಇದನ್ನು ಕೆಲವು ದಿನ ಏರಿಸುತ್ತವೆ. ಥೈರಾಯ್ಡ್ ಕಡಿಮೆಯಿದ್ದರೂ ಏರುತ್ತದೆ, ಆದ್ದರಿಂದ ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ.

ಶಕ್ತಿ ಉತ್ಪಾದನೆಗೆ ಹತ್ತಿರದ್ದು, ಆಗ ಕೋಶಗಳಲ್ಲಿ ಹುಟ್ಟುವ ಲ್ಯಾಕ್ಟೇಟ್. ಸ್ಯಾಂಪಲ್ ಬೇಗ ಕೆಡುವುದೂ ಅದರದ್ದೇ. ತೋಳಿಗೆ ಪಟ್ಟಿ ಬಿಗಿದು ಮುಷ್ಟಿ ಹಿಸುಕಿಸಿದರೆ ಸುಳ್ಳೇ ಏರುತ್ತದೆ. ರಕ್ತವನ್ನು ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ತೆಗೆದು, ಐಸಿನಲ್ಲಿಟ್ಟು ತಕ್ಷಣ ಲ್ಯಾಬಿಗೆ ಕೊಡಬೇಕು. ಮನೆಗೆ ಬಂದು ರಕ್ತ ತೆಗೆಯುವ ಸೇವೆಗೆ ಇದು ಒಗ್ಗದು. ಸ್ವಲ್ಪ ನಡೆದರೂ ವಿಪರೀತ ಸುಸ್ತು, ಜೊತೆಗೆ ರೆಪ್ಪೆ ಜೋಲುವುದು, ಕಿವಿ ಮಂದವಾಗುವುದು ಇದ್ದರೆ ನರರೋಗ ತಜ್ಞರ ಸಲಹೆಯಂತೆ ಮಾಡಿಸಿ. ನಾರ್ಮಲ್ ಬಂದ ಮಾತ್ರಕ್ಕೆ ಮೈಟೊಕಾಂಡ್ರಿಯಾ (ಕೋಶದಲ್ಲಿ ಶಕ್ತಿ ತಯಾರಿಸುವ ಭಾಗ) ಕಾಯಿಲೆ ಇಲ್ಲವೆಂದಲ್ಲ.

ತೊಡೆ, ತೋಳು ವರ್ಷಗಟ್ಟಲೆ ಸೊರಗುತ್ತಿದ್ದರೆ ಒಂದೇ ಸ್ಯಾಂಪಲ್‌ನಲ್ಲಿ ಕ್ರಿಯಾಟಿನಿನ್ (ಸ್ನಾಯುಗಳಿಂದ ಬರುವ ತ್ಯಾಜ್ಯ), ಸಿಸ್ಟಾಟಿನ್ ಸಿ ಎರಡನ್ನೂ ನೋಡಿಸಿ; ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಅನುಪಾತ ಕಡಿಮೆ ಬಂದರೆ ಸ್ನಾಯು ಕರಗಿರುವ ಸೂಚನೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಈ ಲೆಕ್ಕ ನಂಬಲಾಗದು. ಸ್ನಾಯು ಸೊರಗುತ್ತಿರುವವರಿಗೆ ಕುರ್ಚಿಯಿಂದ ಕೈಯೂರದೆ 5 ಸಲ ಏಳುವ ಪರೀಕ್ಷೆಯೂ ಬೇಕು: 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ವೈದ್ಯರಿಗೆ ತಿಳಿಸಿ.